ಪೇಟೆಗೆ ಬಂದ ಹಂದಿಮರಿ ಮತ್ತು ಯುಎ 7+: ಮಕ್ಕಳ ಸಿನಿಮಾ ಎಷ್ಟು ಹೆದರಿಸಬಹುದು?

1998ರ ನವೆಂಬರ್ 25. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆ, ಮನೆಮಂದಿಯೆಲ್ಲ ಮಕ್ಕಳನ್ನು ಕಟ್ಟಿಕೊಂಡು ಸಿನಿಮಾಕ್ಕೆ ಹೋಗುವ ವಾರ. ಆ ದಿನ ‘ಬೇಬ್: ಪಿಗ್ ಇನ್ ದ ಸಿಟಿ’ ತೆರೆಗೆ ಬಂತು. ಮೂರು ವರ್ಷದ ಹಿಂದೆ ಎಲ್ಲರ ಮನಸ್ಸು ಗೆದ್ದಿದ್ದ ಹಂದಿಮರಿಯ ಮುಂದಿನ ಕಥೆ. ಖರ್ಚಾದದ್ದು ಸುಮಾರು 9 ಕೋಟಿ ಡಾಲರ್. ಅಮೆರಿಕದಲ್ಲಿ ಗಳಿಸಿದ್ದು ಸುಮಾರು 1.8 ಕೋಟಿ. ಇಡೀ ಜಗತ್ತಿನ ಲೆಕ್ಕ ಸೇರಿಸಿದರೂ 7 ಕೋಟಿ ಮುಟ್ಟಲಿಲ್ಲ. ಅದರಲ್ಲೂ ಥಿಯೇಟರ್‌ನವರ ಪಾಲು ಕಳೆಯಬೇಕು. ಸಿನಿಮಾ ಬಂದ ಕೆಲವೇ ದಿನಗಳಲ್ಲಿ ಯೂನಿವರ್ಸಲ್ ಪಿಕ್ಚರ್ಸ್‌ನ ಮುಖ್ಯಸ್ಥ ಕೇಸಿ ಸಿಲ್ವರ್ ಹುದ್ದೆ ಬಿಟ್ಟರು.

ಸೋಲಿಗೆ ಹೆಚ್ಚಿನವರು ಕೊಡುತ್ತಾ ಬಂದ ಕಾರಣ ಒಂದೇ. ಇದರಲ್ಲಿ ಭಯ ಜಾಸ್ತಿ, ಸಂಕಟ ಜಾಸ್ತಿ, ಇದು ಮಕ್ಕಳ ಸಿನಿಮಾನೇ ಅಲ್ಲ. ಆದರೆ ಅದೇ ವರ್ಷ ಹೆಸರಾಂತ ವಿಮರ್ಶಕ ಜೀನ್ ಸಿಸ್ಕೆಲ್ ಈ ಚಿತ್ರವನ್ನೇ ವರ್ಷದ ಅತ್ಯುತ್ತಮ ಸಿನಿಮಾ ಎಂದು ಆರಿಸಿದರು. ಅವರ ಟಿವಿ ಜೊತೆಗಾರ ರೋಜರ್ ಈಬರ್ಟ್ ನಾಲ್ಕಕ್ಕೆ ನಾಲ್ಕು ಸ್ಟಾರ್ ಕೊಟ್ಟರು. ನೋಡಿ ಮೆಚ್ಚಿದವರು ಎದೆತುಂಬಿ ಮೆಚ್ಚಿದರು. ಆದರೆ ಯಾರಿಗಾಗಿ ಮಾಡಿದ್ದೋ ಆ ಮಕ್ಕಳೇ ಥಿಯೇಟರ್‌ಗೆ ಬರಲಿಲ್ಲ.

ಇಪ್ಪತ್ತೈದು ವರ್ಷಕ್ಕೂ ಹಳೆಯದಾದ ಈ ಸೋಲನ್ನು ಈಗ ನೆನೆಯುವುದಕ್ಕೆ ಕಾರಣವಿದೆ. ನಮ್ಮ ದೇಶದಲ್ಲಿ ಸೆನ್ಸಾರ್ ಸರ್ಟಿಫಿಕೇಟಿನ ಕ್ರಮವೇ ಬದಲಾಗಿದೆ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ಬಂತು, 2024ರ ಮಾರ್ಚ್‌ನಲ್ಲಿ ಹೊಸ ನಿಯಮಗಳು ಬಂದವು. ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದು ಎನ್ನುವ, ಮೊದಲು ಒಂದೇ ಇದ್ದ ‘ಯುಎ’ ಗುರುತು ಈಗ ಮೂರಾಗಿದೆ: ಯುಎ 7+, ಯುಎ 13+, ಯುಎ 16+. ಇದರಲ್ಲಿ ನನಗೆ ಮುಖ್ಯ ಅನಿಸುವುದು ಮೊದಲನೆಯದು. ಏಳರಿಂದ ಹನ್ನೆರಡರವರೆಗಿನ ಮಕ್ಕಳಿಗೆ ಸ್ವಲ್ಪ ಭಯ, ಸ್ವಲ್ಪ ದುಃಖ ಇರುವ ಕಥೆ ಹೇಳಬಹುದು ಎಂದು ಕಾನೂನೇ ಒಪ್ಪಿಕೊಂಡ ಹಾಗಾಯಿತು. ಆ ಜಾಗವನ್ನು ನಾವು ಹೇಗೆ ಬಳಸಿಕೊಳ್ಳಬೇಕು ಅನ್ನೋದಕ್ಕೆ ಬೇಬ್ ಕಥೆಗಿಂತ ಒಳ್ಳೆಯ ಪಾಠ ನನಗೆ ಕಾಣುತ್ತಿಲ್ಲ.

ಮೊದಲ ಸಿನಿಮಾ ಬಂದದ್ದು 1995ರಲ್ಲಿ. ಇಂಗ್ಲೆಂಡಿನ ಲೇಖಕ ಡಿಕ್ ಕಿಂಗ್-ಸ್ಮಿತ್ 1983ರಲ್ಲಿ ಬರೆದ ಮಕ್ಕಳ ಕಾದಂಬರಿ ಅದಕ್ಕೆ ಮೂಲ. ನಿರ್ದೇಶಕ ಆಸ್ಟ್ರೇಲಿಯಾದ ಕ್ರಿಸ್ ನೂನನ್. ನಿರ್ಮಾಪಕ ಜಾರ್ಜ್ ಮಿಲ್ಲರ್, ‘ಮ್ಯಾಡ್ ಮ್ಯಾಕ್ಸ್’ ಸಿನಿಮಾಗಳನ್ನು ಮಾಡಿದವರು. ಶೂಟಿಂಗ್ ನಡೆದದ್ದು ನ್ಯೂ ಸೌತ್ ವೇಲ್ಸ್‌ನ ರಾಬರ್ಟ್‌ಸನ್ ಎಂಬ ಹಸಿರು ಊರಿನಲ್ಲಿ. ಹಂದಿಮರಿಯೊಂದು ಕುರಿ ಕಾಯುವ ನಾಯಿಯ ಕೆಲಸ ಕಲಿಯುತ್ತದೆ, ಅಷ್ಟೇ ಕಥೆ. ಗದರಿಸದೆ, ಕಚ್ಚದೆ, ‘ದಯವಿಟ್ಟು ಈ ಕಡೆ ಬನ್ನಿ’ ಎಂದು ಕುರಿಗಳನ್ನು ಕೇಳಿಕೊಂಡೇ ಸ್ಪರ್ಧೆ ಗೆಲ್ಲುತ್ತದೆ. ಸುಮಾರು 3 ಕೋಟಿ ಡಾಲರಿನ ಸಿನಿಮಾ 25 ಕೋಟಿ ತಂದಿತು. ಏಳು ಆಸ್ಕರ್ ನಾಮಿನೇಷನ್, ಅದರಲ್ಲಿ ಅತ್ಯುತ್ತಮ ಚಿತ್ರದ್ದೂ ಒಂದು. ಸಿಕ್ಕಿದ್ದು ವಿಷುಯಲ್ ಎಫೆಕ್ಟ್ಸ್‌ಗೆ.

ಇಂಥ ಗೆಲುವಿನ ಮೇಲೆ ಎರಡನೆಯದು ಮಾಡುವಾಗ ಸುಲಭದ ದಾರಿ ಇದ್ದೇ ಇತ್ತು. ಅದೇ ತೋಟ, ಅದೇ ಕುರಿ, ಇನ್ನೊಂದು ಸ್ಪರ್ಧೆ. ಈ ಸಲ ತಾವೇ ನಿರ್ದೇಶನಕ್ಕೆ ಕೂತ ಮಿಲ್ಲರ್ ಆ ದಾರಿ ಹಿಡಿಯಲಿಲ್ಲ. ಗೆದ್ದು ಮನೆಗೆ ಬಂದ ಬೇಬ್ ಮೊದಲ ಕೆಲವು ನಿಮಿಷದಲ್ಲೇ ದೊಡ್ಡ ಅನಾಹುತ ಮಾಡುತ್ತದೆ. ಯಜಮಾನ ಹಾಗೆಟ್ ಬಾವಿಯೊಳಗೆ ಇಳಿದು ಪಂಪು ರಿಪೇರಿ ಮಾಡುತ್ತಿರುತ್ತಾನೆ. ಸಹಾಯ ಮಾಡಲು ಹೋದ ಮರಿಯಿಂದಲೇ ಅವನಿಗೆ ಜೀವ ಹೋಗುವಷ್ಟು ಪೆಟ್ಟಾಗುತ್ತದೆ. ದುಡಿಯುವ ಕೈ ಹಾಸಿಗೆ ಹಿಡಿದ ಮೇಲೆ ಬ್ಯಾಂಕಿನವರು ಸಾಲ ಕೇಳಿಕೊಂಡು ಬರುತ್ತಾರೆ. ತೋಟ ಉಳಿಸಿಕೊಳ್ಳಲು ಮನೆಯಾಕೆ ಎಸ್ಮೆ ಮರಿಯನ್ನು ಕರೆದುಕೊಂಡು ದೂರದ ಮೇಳವೊಂದಕ್ಕೆ ಹೊರಡುತ್ತಾಳೆ. ಅಲ್ಲಿ ಬೇಬ್ ಕಾಣಿಸಿಕೊಂಡರೆ ದುಡ್ಡು ಕೊಡುತ್ತಾರೆ. ದಾರಿಯಲ್ಲಿ ವಿಮಾನ ತಪ್ಪಿ, ಗುರುತಿಲ್ಲದ ಮಹಾನಗರವೊಂದರಲ್ಲಿ ಇಬ್ಬರೂ ಸಿಕ್ಕಿಬೀಳುತ್ತಾರೆ.

ಸಾಲ, ಬಾವಿ, ಪಂಪು, ಬ್ಯಾಂಕಿನ ನೋಟಿಸು. ಮಂಡ್ಯದ ಮಗುವಿಗೂ ರಾಯಚೂರಿನ ಮಗುವಿಗೂ ಬಿಡಿಸಿ ಹೇಳಬೇಕಾದ ಸಂಗತಿಗಳಲ್ಲ ಇವು. ರೈತನ ಮನೆಗೆ ಕಷ್ಟ ಹೇಗೆ ನುಗ್ಗುತ್ತದೆ ಅನ್ನೋದನ್ನು ಈ ಸಿನಿಮಾ ಒಂದಿಷ್ಟೂ ಸಿಹಿ ಬೆರೆಸದೆ ತೋರಿಸುತ್ತದೆ. ಮಿಲ್ಲರ್ ಸಿನಿಮಾಕ್ಕೆ ಬರುವ ಮೊದಲು ಡಾಕ್ಟರ್ ಆಗಿದ್ದವರು, ಸಿಡ್ನಿಯ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ಪೆಟ್ಟು ತಿಂದ ದೇಹವನ್ನು ಅವರು ಮುಖ ತಿರುಗಿಸದೆ ನೋಡುತ್ತಾರೆ.

ಆ ನಗರವೂ ವಿಚಿತ್ರವಾದದ್ದೇ. ಕಿಟಕಿಯಾಚೆ ಸಿಡ್ನಿಯ ಆಪೆರಾ ಹೌಸ್, ಪ್ಯಾರಿಸ್‌ನ ಐಫೆಲ್ ಗೋಪುರ, ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆ, ಹಾಲಿವುಡ್ ಬೆಟ್ಟದ ಅಕ್ಷರಗಳು ಎಲ್ಲ ಒಟ್ಟಿಗೆ ನಿಂತಿವೆ. ಬೀದಿಗಳ ನಡುವೆ ವೆನಿಸ್‌ನಂಥ ಕಾಲುವೆಗಳು. ಹಳ್ಳಿಯಿಂದ ಬಂದವರಿಗೆ ಎಲ್ಲ ಪೇಟೆಗಳೂ ಒಂದೇ ಪೇಟೆ ಅಲ್ವಾ? ಹಾಗೆ ಕಾಣುವ ಊರು ಅದು. ಅಲ್ಲಿ ಪ್ರಾಣಿಗಳಿಗೆ ಜಾಗ ಕೊಡುವುದು ಒಂದೇ ಒಂದು ಹೋಟೆಲು, ಅದೂ ಕದ್ದುಮುಚ್ಚಿ. ಬಟ್ಟೆ ಹಾಕಿಕೊಂಡ ಒರಾಂಗುಟಾನ್, ಸರ್ಕಸ್ ಆಟದ ಚಿಂಪಾಂಜಿಗಳು, ಹಾಡುವ ಬೆಕ್ಕುಗಳು, ಹಿಂಗಾಲು ಸ್ವಾಧೀನ ಇಲ್ಲದೆ ಪುಟ್ಟ ಗಾಲಿಗಾಡಿ ಕಟ್ಟಿಕೊಂಡು ಓಡುವ ನಾಯಿ ಫ್ಲೀಲಿಕ್.

ಈಗ ಎಲ್ಲರೂ ಬೊಟ್ಟು ಮಾಡುವ ಆ ದೃಶ್ಯ. ಬುಲ್ ಟೆರಿಯರ್ ಜಾತಿಯ ಕಾವಲು ನಾಯಿಯೊಂದು ಬೇಬ್‌ನ ಬೆನ್ನು ಹತ್ತುತ್ತದೆ. ಬೀದಿ, ಸಂದಿ, ಮೆಟ್ಟಿಲು, ಎಲ್ಲಿ ಹೋದರೂ ಬಿಡುವುದಿಲ್ಲ. ಓಡಿ ಓಡಿ ಸುಸ್ತಾದ ಮರಿಯ ಕಣ್ಣ ಮುಂದೆ ಅದರ ಪುಟ್ಟ ಬದುಕಿನ ಚೂರುಗಳು ಮಿಂಚಿ ಹೋಗುತ್ತವೆ. ಕೊನೆಗೆ ಅದು ಕಾಲುವೆಗೆ ಹಾರುತ್ತದೆ. ಹಿಂದೆಯೇ ಹಾರಿದ ನಾಯಿಯ ಸರಪಳಿ ಸೇತುವೆಗೆ ಸಿಕ್ಕಿಕೊಳ್ಳುತ್ತದೆ. ನಾಯಿ ತಲೆಕೆಳಗಾಗಿ ನೇತಾಡುತ್ತದೆ, ತಲೆ ನೀರಲ್ಲಿ ಮುಳುಗಿದೆ. ಸುತ್ತಲಿನ ಪ್ರಾಣಿಗಳೆಲ್ಲ ನೋಡುತ್ತಾ ನಿಂತಿವೆ. ಯಾರೂ ಅಲುಗುವುದಿಲ್ಲ. ಕ್ಯಾಮೆರಾ ಬೇರೆ ಕಡೆ ಹೋಗುವುದಿಲ್ಲ. ಒದ್ದಾಟ ನಿಧಾನ ಆಗುತ್ತಾ ಬರುತ್ತದೆ.

ಅಷ್ಟರಲ್ಲಿ ಬೇಬ್ ಹಿಂದಕ್ಕೆ ಈಜುತ್ತದೆ. ತನ್ನನ್ನು ಕೊಲ್ಲಲು ಬಂದವನ ಕಡೆಗೇ. ಅಲ್ಲಿದ್ದ ಚಿಕ್ಕ ದೋಣಿಯೊಂದನ್ನು ಮೂತಿಯಿಂದ ತಳ್ಳಿ ತಳ್ಳಿ ನಾಯಿಯ ಕೆಳಗೆ ತಂದು ನಿಲ್ಲಿಸುತ್ತದೆ. ನಾಯಿಗೆ ಉಸಿರು ಸಿಗುತ್ತದೆ. ಮುಂದೆ ಅದೇ ನಾಯಿ ಬೇಬ್ ಪಕ್ಕ ನಿಂತು, ಇನ್ನು ಈ ಮರಿ ಹೇಳಿದಂತೆ ಎಲ್ಲರೂ ಕೇಳಬೇಕು ಎನ್ನುತ್ತದೆ. ಬೀದಿಯಲ್ಲಿ ಹಸಿದು ನಿಂತ ಪ್ರಾಣಿಗಳೆಲ್ಲ ಒಳಗೆ ಬರುತ್ತವೆ, ಇದ್ದಷ್ಟು ತಿಂಡಿಯನ್ನು ಹಂಚಿಕೊಳ್ಳುತ್ತವೆ.

ಇಷ್ಟನ್ನು ನೋಡಿದ ಮೇಲೆ ‘ಭಯ ಜಾಸ್ತಿ ಆಯಿತು, ಅದಕ್ಕೇ ಸೋತಿತು’ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಯಾಕೆಂದರೆ ಗೆದ್ದ ಮೊದಲ ಸಿನಿಮಾದಲ್ಲೂ ಭಯ ಕಡಿಮೆ ಇರಲಿಲ್ಲ. ಅದು ಶುರುವಾಗುವುದೇ ತಾಯಿಹಂದಿಯನ್ನು ಕಸಾಯಿಖಾನೆಗೆ ಒಯ್ಯುವುದರಿಂದ. ಮರಿಗಳಿಗೆ ಅಮ್ಮ ಎಲ್ಲಿಗೆ ಹೋದಳು ಅಂತ ಗೊತ್ತಿಲ್ಲ, ನೋಡುವ ನಮಗೆ ಗೊತ್ತು. ನಡುವೆ ಬೇಬ್‌ಗೆ ಅಕ್ಕರೆ ತೋರಿದ ಮುದಿ ಕುರಿಯನ್ನು ನಾಯಿಗಳು ಕೊಲ್ಲುತ್ತವೆ. ಮಾಡದ ಆ ತಪ್ಪಿಗೆ ಮರಿಯನ್ನು ಗುಂಡಿಟ್ಟು ಕೊಲ್ಲಲು ಯಜಮಾನ ಬಂದೂಕು ಎತ್ತುವವರೆಗೂ ಕಥೆ ಹೋಗುತ್ತದೆ. ಹಬ್ಬದೂಟಕ್ಕೆ ಬಾತುಕೋಳಿಯೊಂದು ತಟ್ಟೆಗೆ ಬರುತ್ತದೆ. ಇದನ್ನೆಲ್ಲ ಮಕ್ಕಳು ನೋಡಿದರು, ಅತ್ತರು, ಮತ್ತೆ ನೋಡಿದರು.

ಹಾಗಾದರೆ ಎರಡನೆಯದರಲ್ಲಿ ಏನು ಬದಲಾಯಿತು? ಮೊದಲನೆಯದರಲ್ಲಿ ಸಾವು ಹೆಚ್ಚಾಗಿ ತೆರೆಯ ಆಚೆ ನಡೆಯುತ್ತದೆ. ಎರಡನೆಯದರಲ್ಲಿ ಕಷ್ಟವನ್ನು ಕಣ್ಣೆದುರು, ಜಾಸ್ತಿ ಹೊತ್ತು ನೋಡಬೇಕು. ತೋಟದ ಬೆಚ್ಚನೆಯ ಮನೆ ಕೈಗೆ ಸಿಗುವುದಿಲ್ಲ. ಎಸ್ಮೆಯನ್ನು ಏರ್‌ಪೋರ್ಟಿನಲ್ಲಿ ಮಾದಕವಸ್ತು ಸಾಗಿಸುವವಳೆಂದು ಹಿಡಿದು ತಪಾಸಣೆ ಮಾಡುತ್ತಾರೆ. ಅವಳು ದೂರಾದ ಮೇಲೆ ಮರಿಗೆ ದಿಕ್ಕೇ ಇಲ್ಲ. ನಾಲ್ಕು ವರ್ಷದ ಮಗುವಿಗೆ ಇದು ಭಾರ, ಒಂಬತ್ತು ವರ್ಷದ ಮಗುವಿಗೆ ಅಲ್ಲ. ಆದರೆ ಎರಡೂ ಸಿನಿಮಾಗಳಿಗೆ ಅಮೆರಿಕದಲ್ಲಿ ಸಿಕ್ಕಿದ್ದು ಒಂದೇ ಗುರುತು, ‘ಜಿ’. ಅಂದರೆ ಎಲ್ಲ ವಯಸ್ಸಿನವರೂ ನೋಡಬಹುದು. ಒಂದು ಮೆಟ್ಟಿಲು ಮೇಲಿನ ‘ಪಿಜಿ’, ಅಂದರೆ ಅಪ್ಪ ಅಮ್ಮ ಸ್ವಲ್ಪ ಯೋಚಿಸಿ ಕರೆತನ್ನಿ ಅನ್ನುವ ಗುರುತು, ಈ ಸಿನಿಮಾಕ್ಕೆ ಸರಿಯಾಗಿ ಹೊಂದುತ್ತಿತ್ತು. ‘ಜಿ’ ನಂಬಿಕೊಂಡು ಪುಟಾಣಿಗಳನ್ನು ಕರೆತಂದವರಿಗೆ ಕಸಿವಿಸಿ. ಮುದ್ದು ಹಂದಿಮರಿಯ ಪೋಸ್ಟರ್ ನೋಡಿದ ಹತ್ತು ಹನ್ನೊಂದರ ಮಕ್ಕಳಿಗೆ ಇದು ಚಿಕ್ಕವರ ಸಿನಿಮಾ ಅಂತ ತಾತ್ಸಾರ.

ಬೇರೆ ಕಾರಣಗಳೂ ಇದ್ದವು. ಕೊನೇ ಗಳಿಗೆವರೆಗೂ ಕೆಲಸ ಮುಗಿದಿರಲಿಲ್ಲ. ಅದೇ ದಿನ ಪಿಕ್ಸಾರ್‌ನ ‘ಎ ಬಗ್ಸ್ ಲೈಫ್’ ದೇಶದಾದ್ಯಂತ ತೆರೆಗೆ ಬಂತು, ಅದಕ್ಕೆ ಐದು ದಿನ ಮೊದಲು ‘ದ ರಗ್‌ರ‍್ಯಾಟ್ಸ್ ಮೂವಿ’. ಎರಡೂ ಮಕ್ಕಳವೇ. ಖರ್ಚೂ ಮೊದಲ ಸಿನಿಮಾದ ಮೂರು ಪಟ್ಟು. ಸಿನಿಮಾದಲ್ಲೇ ಇರುವ ದೋಷವನ್ನೂ ಹೇಳಬೇಕು. ಕೊನೆಯ ಔತಣಕೂಟದಲ್ಲಿ ಎಸ್ಮೆ ಉಬ್ಬಿದ ಕೋಡಂಗಿ ಉಡುಪು ತೊಟ್ಟು ಮೇಲಕ್ಕೂ ಕೆಳಕ್ಕೂ ಪುಟಿಯುವ ಗದ್ದಲ ಎಷ್ಟು ಹೊತ್ತಾದರೂ ಮುಗಿಯುವುದಿಲ್ಲ. ಅಲ್ಲಿಯವರೆಗೆ ಕಟ್ಟಿದ ಭಾವನೆಯೆಲ್ಲ ಅಲ್ಲಿ ಸಡಿಲವಾಗುತ್ತದೆ. ಏರ್‌ಪೋರ್ಟಿನ ದೃಶ್ಯವನ್ನೂ ನಾನು ಸಮರ್ಥಿಸುವುದಿಲ್ಲ. ಅದರಲ್ಲಿರುವ ಅವಮಾನ ದೊಡ್ಡವರಿಗೆ ಅರ್ಥವಾಗುವಂಥದ್ದು, ಮಗುವಿಗೆ ಸುಮ್ನೆ ಗೊಂದಲ.

ಆದರೆ ಕಾಲುವೆಯ ದೃಶ್ಯದ ಬಗ್ಗೆ ಅದೇ ಮಾತು ಹೇಳಲಾಗದು. ಮಗು ಹೆದರುವುದು ತೊಂದರೆ ಅಲ್ಲ. ಹೆದರಿಸಿ ಕೈಬಿಡುವುದು ತೊಂದರೆ. ಇಲ್ಲಿ ಭಯ ಬಂದ ಕಡೆಯೆಲ್ಲ ಒಬ್ಬರು ಹಿಂದಿರುಗಿ ಬರುತ್ತಾರೆ. ಪ್ರಾಣಿ ಹಿಡಿಯುವವರ ಲಾರಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಅದರ ಹಿಂದೆಯೇ ಸಾಗಿದ ಫ್ಲೀಲಿಕ್ ರಸ್ತೆಗೆ ಬಿದ್ದು ಪ್ರಜ್ಞೆ ತಪ್ಪುತ್ತದೆ. ಗಾಡಿಯ ಚಕ್ರ ಸುಮ್ಮನೆ ತಿರುಗುತ್ತಿರುತ್ತದೆ. ಹಸಿರು ಬಯಲಿನಲ್ಲಿ ನಾಲ್ಕೂ ಕಾಲಲ್ಲಿ ಚಿಟ್ಟೆ ಹಿಂದೆ ಓಡುವುದನ್ನು ಅದು ಕಾಣುತ್ತದೆ. ಅದನ್ನು ಎಬ್ಬಿಸುವುದು ಬೇಬ್. ತಪ್ಪಿಸಿಕೊಳ್ಳುವ ಅವಸರದಲ್ಲೂ ಒರಾಂಗುಟಾನ್ ತನ್ನ ಬಟ್ಟೆ ಹಾಕಿಕೊಳ್ಳದೆ ಹೊರಗೆ ಬರಲು ಒಪ್ಪುವುದಿಲ್ಲ. ಅದರ ಮರ್ಯಾದೆಗಾಗಿ ಎಲ್ಲರೂ ಕಾಯುತ್ತಾರೆ. ಭಯದ ನಡುವೆ ಇಷ್ಟು ಅಕ್ಕರೆ ಕಂಡ ಮಗು ಮುರಿದು ಹೋಗುವುದಿಲ್ಲ.

ಕನ್ನಡದವರಿಗೆ ಇದು ಹೊಸ ವಿಷಯವೂ ಅಲ್ಲ. ಗೋವಿನ ಹಾಡನ್ನು ನಾವು ಎಷ್ಟನೇ ವಯಸ್ಸಿನಲ್ಲಿ ಕೇಳಿದ್ದೇವೆ ಯೋಚಿಸಿ. ಅದೂ ಸಾಕುಪ್ರಾಣಿಯ ಕಥೆಯೇ. ಸಾಯಲು ಹೊರಟ ತಾಯಿ, ಹಾಲು ಕುಡಿಯುವ ಕರು, ಕಡೆಗೆ ಹಾರಿ ನೆಗೆದು ಪ್ರಾಣ ಬಿಡುವ ಹುಲಿ. ತಲೆಮಾರುಗಳಿಂದ ಪುಟ್ಟ ಮಕ್ಕಳಿಗೆ ಹಾಡಿ ಮಲಗಿಸಿದ್ದೇವೆ, ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದೇವೆ. ಪುಣ್ಯಕೋಟಿ ಸುಮ್ಮನೆ ಹೊರಟುಬಿಡುವುದಿಲ್ಲ, ಉಳಿದ ಹಸುಗಳನ್ನು ಅಕ್ಕ, ಅಮ್ಮ ಎಂದು ಕರೆದು ಕರುವನ್ನು ಅವರ ಕೈಗೆ ಒಪ್ಪಿಸುತ್ತಾಳೆ. ತಬ್ಬಲಿ ಕರುವಿಗೆ ಹಿಂದೆ ಯಾರಿದ್ದಾರೆ ಅನ್ನೋ ಪ್ರಶ್ನೆಗೆ ಹಾಡು ಉತ್ತರ ಕೊಟ್ಟೇ ಮುಂದೆ ಹೋಗುತ್ತದೆ. ಕೇಳುವ ಮಗು ಅಳುತ್ತದೆ, ಮತ್ತೆ ಅದನ್ನೇ ಹಾಡು ಅನ್ನುತ್ತದೆ.

ಈಗ ಸರ್ಟಿಫಿಕೇಟಿನ ವಿಷಯಕ್ಕೆ ಬರೋಣ. ನಮ್ಮಲ್ಲಿ 1952ರ ಕಾಯ್ದೆಯಲ್ಲಿ ಮೊದಲು ಇದ್ದದ್ದು ಎಲ್ಲರೂ ನೋಡಬಹುದಾದ ಯು ಮತ್ತು ದೊಡ್ಡವರಿಗಷ್ಟೇ ಎನ್ನುವ ಎ ಮಾತ್ರ. 1983ರಲ್ಲಿ ಯುಎ ಸೇರಿತು, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಹೆತ್ತವರ ಮಾರ್ಗದರ್ಶನ ಬೇಕು ಎಂಬ ಅರ್ಥದಲ್ಲಿ. ಆಗ ಆದ ಎಡವಟ್ಟು ಏನೆಂದರೆ ಐದು ವರ್ಷದ ಮಗುವೂ ಹನ್ನೊಂದು ವರ್ಷದ ಮಗುವೂ ಒಂದೇ ಗುಂಪಿಗೆ ಬಂದವು. ಮಚ್ಚು ಲಾಂಗು ಹಿಡಿದ ಮಾಸ್ ಸಿನಿಮಾಕ್ಕೂ ಯುಎ, ಅಜ್ಜಿ ಸಾಯುವ ದೃಶ್ಯ ಇರುವ ಸಿನಿಮಾಕ್ಕೂ ಯುಎ ಎಂದರೆ ತಾಯಿ ಏನೆಂದು ತೀರ್ಮಾನ ಮಾಡಬೇಕು? ಹೊಸ ಕ್ರಮ ಅದನ್ನು ಬಿಡಿಸಿದೆ. ಆದರೂ ಯುಎ ಗುರುತು ಹೆತ್ತವರಿಗೆ ಕೊಡುವ ಸಲಹೆ, ಎ ಸರ್ಟಿಫಿಕೇಟಿನಂತೆ ನಿರ್ಬಂಧ ಅಲ್ಲ. ಮಗುವನ್ನು ಬಲ್ಲವರು ಅಪ್ಪ ಅಮ್ಮ, ತೀರ್ಮಾನ ಅವರದೇ. ಇದು ಸರಿಯಾಗಿಯೇ ಇದೆ.

ವಯಸ್ಸಿನ ಅಂಕಿ ಒಂದೇ ಸಾಕಾಗುವುದಿಲ್ಲ ಎಂಬುದು ನನ್ನ ತಕರಾರು. ಒಂದು ಮಗು ರಕ್ತ ನೋಡಿದರೆ ಹೆದರುತ್ತದೆ, ಇನ್ನೊಂದು ಅಮ್ಮ ಕಾಣೆಯಾದರೆ ಹೆದರುತ್ತದೆ. ಮನೆಯಲ್ಲಿ ಈಚೆಗೆ ಸಾವಾದ ಮಗುವಿಗೆ ಏಳು ತುಂಬಿದ್ದರೂ ಆಸ್ಪತ್ರೆಯ ದೃಶ್ಯ ಬೇಡವಾಗಬಹುದು. ಒಟಿಟಿಗಳಿಗೆ 2021ರ ಐಟಿ ನಿಯಮಗಳು ವಯಸ್ಸಿನ ಗುರುತಿನ ಜತೆಗೆ ಕಾರಣವನ್ನೂ ತೋರಿಸಬೇಕು ಎನ್ನುತ್ತವೆ. ಹಿಂಸೆ ಇದೆಯೋ, ಬೈಗುಳ ಇದೆಯೋ ಎಂದು ತೆರೆಯ ಮೂಲೆಯಲ್ಲಿ ಎರಡು ಪದ ಬರುತ್ತದಲ್ಲ, ಅದು. ಪೋಸ್ಟರಿನಲ್ಲೂ ಟಿಕೆಟ್ ಬುಕ್ ಮಾಡುವ ಆ್ಯಪ್‌ನಲ್ಲೂ ಅಂಥದ್ದೇ ಒಂದು ಸಾಲು ಕಣ್ಣಿಗೆ ಬೀಳುವಂತೆ ಇರಬೇಕು. ‘ಪ್ರಾಣಿಯೊಂದು ಮುಳುಗುವ ದೃಶ್ಯವಿದೆ, ಬದುಕುತ್ತದೆ’ ಎಂದು ಹೇಳಿದರೆ ಕಥೆಯ ಗುಟ್ಟು ಸ್ವಲ್ಪ ಬಯಲಾಗಬಹುದು. ಆದರೆ ಅಪ್ಪ ಅಮ್ಮ ಧೈರ್ಯವಾಗಿ ಕರೆದುಕೊಂಡು ಹೋಗುತ್ತಾರೆ, ಅದು ದೊಡ್ಡದು.

ಇನ್ನೊಂದು ಅಡ್ಡಿ ನಿರ್ಮಾಪಕರ ಲೆಕ್ಕಾಚಾರದ್ದು. ಯು ಸಿಕ್ಕರೆ ಎಲ್ಲರೂ ಬರುತ್ತಾರೆ, ಟಿವಿಗೆ ಮಾರುವುದೂ ಸಲೀಸು ಎಂಬ ಭಾವನೆ ಇದೆ. ಹಾಗಾಗಿ ಮಕ್ಕಳ ಸಿನಿಮಾ ಮಾಡುವವರು ಮುಳ್ಳಿರುವುದನ್ನೆಲ್ಲ ಮೊದಲೇ ಸವರಿ ಹಾಕುತ್ತಾರೆ. ಉಳಿಯುವುದು ಹಾಡು, ಕುಣಿತ, ಒಂದು ನೀತಿಪಾಠ. ಹತ್ತು ವರ್ಷದ ಮಗು ಅದನ್ನು ನೋಡಿ ಆಕಳಿಸಿ, ದೊಡ್ಡವರ ಮಾಸ್ ಸಿನಿಮಾ ನೋಡಲು ಹೋಗುತ್ತದೆ. ಈ ವಯಸ್ಸಿನವರು ದುಃಖವನ್ನು ತಾಳುತ್ತಾರೆ ಎನ್ನುವುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. 2022ರಲ್ಲಿ ಕಿರಣ್‌ರಾಜ್ ನಿರ್ದೇಶಿಸಿದ ‘777 ಚಾರ್ಲಿ’ ಕಾಯಿಲೆ ಬಿದ್ದ ನಾಯಿಯ ಕಥೆ. ಮನೆಮಂದಿಯೆಲ್ಲ ಮಕ್ಕಳ ಜತೆ ಹೋಗಿ ನೋಡಿದರು, ಅತ್ತುಕೊಂಡು ಹೊರಬಂದರು. ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು.

ನಿಜವಾದ ಪ್ರಾಣಿಗಳ ವಿಷಯ ಒಂದಿಷ್ಟು ಹೇಳಿಬಿಡುತ್ತೇನೆ. ಮೊದಲ ಬೇಬ್‌ಗೆ ಬಳಸಿದ್ದು 48 ಹಂದಿಮರಿಗಳನ್ನು. ಮರಿಗಳು ಬೇಗ ಬೆಳೆದು ದಪ್ಪಗಾಗುತ್ತವೆ, ಹಾಗಾಗಿ ಒಂದರ ಹಿಂದೆ ಒಂದು ಹೊಸ ಮರಿ ಬೇಕಾಗುತ್ತಿತ್ತು. ಕೆಲವು ಕಡೆ ಜಿಮ್ ಹೆನ್ಸನ್ ಕಂಪನಿಯ ಯಂತ್ರದ ಗೊಂಬೆಗಳು, ಮಾತಾಡುವ ಬಾಯಿಗೆ ರಿದಮ್ ಅಂಡ್ ಹ್ಯೂಸ್ ಸ್ಟುಡಿಯೊದ ಕಂಪ್ಯೂಟರ್ ಕೆಲಸ. ಹಾಗೆಟ್ ಪಾತ್ರ ಮಾಡಿದ ಜೇಮ್ಸ್ ಕ್ರಾಮ್‌ವೆಲ್ ಮೊದಲೇ ಮಾಂಸ ಬಿಟ್ಟಿದ್ದವರು, ಆ ಮರಿಗಳ ಜತೆ ಕೆಲಸ ಮಾಡಿದ ಮೇಲೆ ಹಾಲು, ಮೊಟ್ಟೆಯನ್ನೂ ಬಿಟ್ಟರು. ನಮ್ಮಲ್ಲಿ ಈಗ ಪ್ರಾಣಿಯನ್ನು ಸಿನಿಮಾದಲ್ಲಿ ಬಳಸಬೇಕಾದರೆ 2001ರ ನಿಯಮಗಳ ಪ್ರಕಾರ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಇದು ಇರಲೇಬೇಕಾದ ನಿಯಮ. ಇದರಿಂದ ಮುಂದಿನ ಹಸು, ಕುರಿ, ಹಂದಿಗಳು ಹೆಚ್ಚಾಗಿ ಕಂಪ್ಯೂಟರಿನಲ್ಲೇ ಹುಟ್ಟುತ್ತವೆ. ಹುಟ್ಟಲಿ. ಆದರೆ ಒದ್ದೆ ಮೈ, ಏದುಸಿರು, ಕೆಸರು ಹತ್ತಿದ ಗೊರಸು ಅದರಲ್ಲಿ ಕಾಣಬೇಕು. ಇಲ್ಲದಿದ್ದರೆ ಭಯವೂ ಹುಟ್ಟದು, ಕರುಣೆಯೂ ಹುಟ್ಟದು.

ಸರಿಯಾದ ಗುರುತು ಹಾಕಿದರೆ ಇಂಥ ಸಿನಿಮಾ ನಡೆಯುತ್ತದೆಯೇ? ಉತ್ತರ ಮಿಲ್ಲರ್ ಅವರೇ ಕೊಟ್ಟರು. 2006ರಲ್ಲಿ ಅವರು ಪೆಂಗ್ವಿನ್ ಮರಿಯ ‘ಹ್ಯಾಪಿ ಫೀಟ್’ ಮಾಡಿದರು. ಮೀನು ಖಾಲಿಯಾಗುತ್ತಿರುವ ಸಮುದ್ರ, ಗುಂಪಿನಿಂದ ಹೊರಹಾಕಿಸಿಕೊಂಡ ಮರಿ, ಮೃಗಾಲಯದ ಗಾಜಿನ ಗೋಡೆಯೊಳಗೆ ಬುದ್ಧಿ ಕಳೆದುಕೊಳ್ಳುವ ಮರಿ. ಬೇಬ್‌ಗಿಂತ ಇದರ ದುಃಖ ಕಡಿಮೆಯದ್ದಲ್ಲ. ಈ ಸಲ ಗುರುತು ‘ಪಿಜಿ’. ಸುಮಾರು 10 ಕೋಟಿ ಡಾಲರ್ ಹಾಕಿದ ಸಿನಿಮಾ 38 ಕೋಟಿ ತಂದಿತು, ಅನಿಮೇಷನ್ ಆಸ್ಕರ್ ಕೂಡ ಗೆದ್ದಿತು. ಹಾಡು ಕುಣಿತ ಇದ್ದದ್ದರಿಂದಲೂ ಜನ ಬಂದರು, ಅದು ಸರಿ. ಆದರೆ ಯಾವ ಸಿನಿಮಾಕ್ಕೆ ಬರುತ್ತಿದ್ದೇವೆ ಅಂತ ಬಂದವರಿಗೆ ಗೊತ್ತಿತ್ತು.

ನಮ್ಮ ಮಟ್ಟಿಗೆ ಕೆಲಸ ಬಾಕಿ ಇರುವುದು ಸಿನಿಮಾ ಮಾಡುವ ಕಡೆ. 1955ರಲ್ಲಿ ಶುರುವಾದ ಮಕ್ಕಳ ಚಲನಚಿತ್ರ ಸಂಸ್ಥೆಯನ್ನು ಕೇಂದ್ರ ಸರ್ಕಾರ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಜೊತೆ ವಿಲೀನ ಮಾಡಿತು. ಮಕ್ಕಳಿಗಾಗಿಯೇ ಇದ್ದ ಪ್ರತ್ಯೇಕ ಸಂಸ್ಥೆ ಹೋಯಿತು, ಅದಾಗಿ ಎರಡೇ ವರ್ಷಕ್ಕೆ ಮಕ್ಕಳಿಗೆ ಪ್ರತ್ಯೇಕ ಸರ್ಟಿಫಿಕೇಟ್ ಬಂತು. ಎನ್‌ಎಫ್‌ಡಿಸಿಯೇ ಆಗಲಿ, ಕರ್ನಾಟಕ ಚಲನಚಿತ್ರ ಅಕಾಡೆಮಿಯೇ ಆಗಲಿ, ಏಳರಿಂದ ಹನ್ನೆರಡರ ಮಕ್ಕಳ ಸಿನಿಮಾಕ್ಕೆಂದೇ ಬೇರೆ ಹಣ ತೆಗೆದಿಡಬೇಕು. ಕಥೆ ಆರಿಸುವ ಸಮಿತಿಯಲ್ಲಿ ಮಕ್ಕಳ ಜೊತೆ ದಿನವಿಡೀ ಇರುವ ಶಾಲೆ ಮೇಷ್ಟ್ರುಗಳು ಇರಬೇಕು. ಯುಎ 7+ ಕೇಳಿಕೊಂಡು ಬರುವ ನಿರ್ಮಾಪಕರಿಗೆ, ‘ಆ ಎರಡು ದೃಶ್ಯ ಕತ್ತರಿಸಿ, ಯು ಕೊಡುತ್ತೇವೆ’ ಎಂದು ಯಾರೂ ಹೇಳಬಾರದು.